ಗಾಳಕ್ಕೆ ಮೀನು ಬೀಳಬೇಕೆ? ಡಾಲ್ಫಿನ್‌ಗೆ ತಿನಿಸು ಹಾಕಬೇಡಿ

ಸಾಗರದವರಿಗೆ ಗೇರುಸೊಪ್ಪ ಘಾಟಿ, ಹೊಸನಗರದವರಿಗೆ ಹುಲಿಕಲ್, ತೀರ್ಥಹಳ್ಳಿಯವರಿಗೆ ಆಗುಂಬೆ. ಯಾವುದನ್ನು ಇಳಿದರೂ ಅರ್ಧ ದಿನದೊಳಗೆ ಕಡಲು. ವಾರವಿಡೀ ಕಾಲೇಜು, ಆಫೀಸು ಎಂದು ಓಡಾಡಿ, ಭಾನುವಾರ ರಾಡ್, ರೀಲ್ ಹಿಡಿದು ಹೊನ್ನಾವರಕ್ಕೋ ಮುರ್ಡೇಶ್ವರಕ್ಕೋ ಮಲ್ಪೆಗೋ ಹೊರಡುವ ಮಲೆನಾಡಿನ ಗೆಳೆಯ ಗೆಳತಿಯರೇ, ಈ ಸೂತ್ರಗಳು ನಿಮಗೆ. ಹೊಳೆಯಲ್ಲಿ ಗಾಳ ಹಾಕಿ ಪಳಗಿದ ಕೈ ನಿಮ್ಮದು, ಉಪ್ಪುನೀರಿನಲ್ಲೂ ನೀವು ಗೆಲ್ಲಬಲ್ಲಿರಿ. ಒಂದು ಚಟ ಮಾತ್ರ ಅಂಟಿಸಿಕೊಳ್ಳಬೇಡಿ: ದೋಣಿಯ ಪಕ್ಕ ಡಾಲ್ಫಿನ್ ಕಂಡ ಕೂಡಲೇ ಖುಷಿಯಲ್ಲಿ ಮೀನು ಎಸೆಯುವುದು.

1. ಯಾರ ಜಾಗಕ್ಕೆ ಹೋಗುತ್ತಿದ್ದೀರಿ, ತಿಳಿದುಕೊಳ್ಳಿ.
ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿದ ಶರಾವತಿ ಹೊಸನಗರದ ಸೀಮೆ ದಾಟಿ, ಲಿಂಗನಮಕ್ಕಿಯಲ್ಲಿ ನಿಂತು, ಜೋಗದಲ್ಲಿ ಧುಮುಕಿ ಹೊನ್ನಾವರದಲ್ಲಿ ಸಮುದ್ರ ಸೇರುತ್ತದೆ. ಇಂಥ ಅಳಿವೆಗಳ ಸುತ್ತಿನ ಆಳ ಕಡಿಮೆಯಿರುವ ನೀರೆಂದರೆ ಹಂಪ್‌ಬ್ಯಾಕ್ ಡಾಲ್ಫಿನ್‌ಗೆ ಇಷ್ಟ. ಬೆನ್ನ ಮೇಲೊಂದು ದಿಬ್ಬ, ದಿಬ್ಬದ ಮೇಲೆ ಪುಟ್ಟ ರೆಕ್ಕೆ. ಒಮ್ಮೆ ನೋಡಿದರೆ ಮತ್ತೆ ಮರೆಯುವುದಿಲ್ಲ. ಪ್ರಕೃತಿ ಸಂರಕ್ಷಣೆಯ ಜಾಗತಿಕ ಸಂಸ್ಥೆ ಐಯುಸಿಎನ್‌ನ ಪಟ್ಟಿಯಲ್ಲಿ ಇದು ಅಳಿವಿನ ಅಂಚಿನಲ್ಲಿರುವ ಜೀವಿ. ನೀವು ಮೀನು ಹುಡುಕುವ ಕಡೆಯೇ ಅದೂ ಹುಡುಕುತ್ತದೆ. ಇವತ್ತಲ್ಲ ನಾಳೆ ಎದುರಾಗುತ್ತದೆ, ತಯಾರಾಗಿ ಹೋಗಿ.

2. ಒಂದು ಬಂಗುಡೆಯನ್ನೂ ಎಸೆಯಬೇಡಿ.
"ಒಂದೇ ತಾನೆ, ಏನಾಗುತ್ತೆ?" ಅನ್ನುವ ಯೋಚನೆಯನ್ನು ಇವತ್ತೇ ಕಿತ್ತುಹಾಕಿ. ಫ್ಲೋರಿಡಾದ ಸಾರಸೋಟ ಹತ್ತಿರ ಒಂದು ಬಾಟಲ್‌ನೋಸ್ ಡಾಲ್ಫಿನ್ ಇತ್ತು. ದೋಣಿಗಳ ಮುಂದೆ ಬಾಯಿ ತೆರೆದು ನಿಲ್ಲುತ್ತಿದ್ದ ಅದಕ್ಕೆ 'ಬೆಗ್ಗರ್' ಎಂದೇ ಹೆಸರು ಬಿತ್ತು. 2011ರಲ್ಲಿ ಸಂಶೋಧಕರು ಒಟ್ಟು 100 ಗಂಟೆ ಗಮನಿಸಿದರು. ಅಷ್ಟರಲ್ಲಿ ಜನರಿಗೂ ಅದಕ್ಕೂ ನಡೆದ ಒಡನಾಟ ಸುಮಾರು 3,600 ಸಲ! ಸೀಗಡಿ ಕೊಟ್ಟರು, ಹಾಟ್ ಡಾಗ್ ಕೊಟ್ಟರು, ಬಿಯರನ್ನೂ ಕೊಡಲು ಹೋದರು. ಮುಟ್ಟಲು ಹೋದ ಕೆಲವರು ಕಚ್ಚಿಸಿಕೊಂಡರು. 2012ರ ಸೆಪ್ಟೆಂಬರ್‌ನಲ್ಲಿ ಬೆಗ್ಗರ್ ಸತ್ತು ತೇಲಿತು. ಹೊಟ್ಟೆ ಸೀಳಿ ನೋಡಿದರೆ ಗಾಳದ ಕೊಕ್ಕೆಗಳು, ದಾರದ ತುಂಡುಗಳು. ಅದಕ್ಕೆ ತಿನಿಸು ಕೊಟ್ಟವರಲ್ಲಿ ಯಾರಿಗೂ ಅದನ್ನು ಕೊಲ್ಲುವ ಮನಸ್ಸಿರಲಿಲ್ಲ ಎನ್ನುವುದನ್ನು ನೆನಪಿಡಿ.

3. ನಿಮ್ಮ ನಷ್ಟವನ್ನೂ ಲೆಕ್ಕ ಹಾಕಿ.
ಇಂಜಿನ್ ಸದ್ದು ಅಂದರೆ ಊಟ ಎಂದು ಕಲಿತ ಡಾಲ್ಫಿನ್ ನೀವು ಕೊಡುವವರೆಗೆ ಕಾಯುವುದಿಲ್ಲ. ಗಾಳದ ಎರೆಯನ್ನು ಕಿತ್ತುಕೊಳ್ಳುತ್ತದೆ. ಅರ್ಧ ಎಳೆದ ಅಂಜಲ್ ಮೀನು ದೋಣಿ ಮುಟ್ಟುವಾಗ ಬರೀ ತಲೆ ಉಳಿದಿರುತ್ತದೆ. ಡಾಲ್ಫಿನ್ ಸುಳಿದಾಡುವ ಕಡೆ ಉಳಿದ ಮೀನೂ ಚದುರುತ್ತದೆ. ಪೆಟ್ರೋಲ್, ದೋಣಿ ಬಾಡಿಗೆ, ರಜಾ ದಿನ ಎಲ್ಲ ನೀರುಪಾಲು. ಇಷ್ಟಕ್ಕೇ ಮುಗಿಯುವುದಿಲ್ಲ. ತಾಯಿಯ ಜೊತೆ ಸುತ್ತುವ ಮರಿ ತಾಯಿಯನ್ನು ನೋಡಿ ಕಲಿಯುತ್ತದೆ. ಬೇಡುವ ಡಾಲ್ಫಿನ್‌ಗಳ ಸಹವಾಸದಲ್ಲಿರುವವು ತಾವೂ ಬೇಡಲು ಕಲಿಯುವುದು ಹೆಚ್ಚು ಎಂದು ಆಸ್ಟ್ರೇಲಿಯಾದ ಪರ್ತ್ ಬಳಿಯ ಕಾಕ್‌ಬರ್ನ್ ಸೌಂಡ್‌ನಲ್ಲಿ ನಡೆದ ಅಧ್ಯಯನ ಹೇಳಿದೆ. ನೀವು ಇವತ್ತು ಎಸೆದ ಮೀನಿಗೆ ನಾಳೆ ಇನ್ನೊಬ್ಬರ ಗಾಳ ಬೆಲೆ ತೆರುತ್ತದೆ. ದಿನವೂ ಅದೇ ನೀರಿನಲ್ಲಿ ದುಡಿದು ಸಂಸಾರ ಸಾಗಿಸುವ ಮೀನುಗಾರರ ಬಲೆಯೂ ತೆರುತ್ತದೆ.

4. ಡಾಲ್ಫಿನ್ ಬಂತೆ? ಲೈನ್ ಸುತ್ತಿಕೊಳ್ಳಿ.
ಅದರ ಕಡೆ ಗಾಳ ಬೀಸಲೇಬೇಡಿ. ಸ್ವಲ್ಪ ಹೊತ್ತು ಕಾಯಿರಿ. ಹೋಗದಿದ್ದರೆ ನೀವೇ ಜಾಗ ಬದಲಿಸಿ. ಹತ್ತಿರದಿಂದ ಫೋಟೋ ಬೇಕೆಂದು ಬೆನ್ನಟ್ಟಬೇಡಿ, 50 ಮೀಟರ್ ದೂರ ಇರಲಿ. ಹತ್ತು ನಿಮಿಷ ಕಳೆದುಕೊಂಡರೆ ಇಡೀ ಬೆಳಗು ಉಳಿಯುತ್ತದೆ.

5. ಬಿಡುವ ಮೀನನ್ನು ನೋಡಿ ಬಿಡಿ.
ಸಣ್ಣ ಮೀನನ್ನು ವಾಪಸ್ ನೀರಿಗೆ ಬಿಡುವುದು ಒಳ್ಳೆಯ ಗುಣ. ಆದರೆ ಡಾಲ್ಫಿನ್ ಕಣ್ಣೆದುರೇ ಬಿಟ್ಟರೆ ಅದು ಬಡಿಸಿದ ಹಾಗೆ. ದೋಣಿ ದೂರ ಸರಿದ ಮೇಲೆ ಸದ್ದಿಲ್ಲದೆ ಬಿಡಿ. ಮಿಕ್ಕ ಎರೆ, ಸೀಗಡಿ ಸಿಪ್ಪೆ, ಮೀನಿನ ಕರುಳನ್ನು ನೀರಿಗೆ ಸುರಿಯಬೇಡಿ. ಮುಚ್ಚಳದ ಡಬ್ಬಿ ಒಯ್ಯಿರಿ, ವಾಪಸ್ ತನ್ನಿ.

6. ಕೊಕ್ಕೆ ಬದಲಿಸಿ, ಕೈಯ ಅಭ್ಯಾಸ ಬದಲಿಸಿ.
ಸರ್ಕಲ್ ಹುಕ್ ಕೊಳ್ಳಿ. ತುದಿ ಒಳಕ್ಕೆ ಬಾಗಿರುವುದರಿಂದ ಅದು ಸಾಮಾನ್ಯವಾಗಿ ಮೀನಿನ ಬಾಯಂಚಿಗೆ ಸಿಕ್ಕಿಕೊಳ್ಳುತ್ತದೆ, ಗಂಟಲಿಗೆ ಇಳಿಯುವುದು ಅಪರೂಪ. ಮೀನು ಕಚ್ಚಿದ ಕೂಡಲೇ ಹೊಳೆಯಲ್ಲಿ ಮಾಡಿದಂತೆ ರಪ್ಪನೆ ಎಳೆದರೆ ಕೈಗೆ ಏನೂ ಬರುವುದಿಲ್ಲ. ಲೈನ್ ಬಿಗಿಯಾಗುವವರೆಗೆ ತಾಳಿ, ಆಮೇಲೆ ಒಂದೇ ಹದದಲ್ಲಿ ರೀಲ್ ಸುತ್ತಿ. ಸ್ಟೇನ್‌ಲೆಸ್ ಸ್ಟೀಲ್ ಬೇಡ, ತುಕ್ಕು ಹಿಡಿದು ಕರಗುವ ಕೊಕ್ಕೆ ಇರಲಿ. ಕೊಕ್ಕೆಯಷ್ಟೇ ದಾರದ ಬಗ್ಗೆಯೂ ಎಚ್ಚರ ಬೇಕು, ಅದಕ್ಕೊಂದು ಗಟ್ಟಿ ಕಾರಣವಿದೆ. ಡಾಲ್ಫಿನ್‌ನ ಗಂಟಲೊಳಗೆ ಉಸಿರಿನ ನಾಳದ ತುದಿ ಮೇಲಕ್ಕೆ ಎದ್ದು ನಿಂತಿರುತ್ತದೆ. ಕೊಕ್ಕೆಯ ಜೊತೆ ನುಂಗಿದ ನೈಲಾನ್ ದಾರ ಅದಕ್ಕೆ ಸುತ್ತಿಕೊಂಡರೆ ಬಿಗಿಯುತ್ತ ಹೋಗುತ್ತದೆ. ಸಾರಸೋಟದಲ್ಲಿ ಹೀಗೇ ಸತ್ತವುಗಳಿವೆ. ತುಂಡಾದ ಲೈನನ್ನು ಒಂದು ಗೇಣೂ ನೀರಿಗೆ ಬಿಡಬೇಡಿ.

7. ಛಿಬ್ಬಲಗುಡ್ಡೆಯನ್ನು ಇಲ್ಲಿಗೆ ತರಬೇಡಿ.
ತೀರ್ಥಹಳ್ಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತುಂಗೆಯ ದಡದ ಛಿಬ್ಬಲಗುಡ್ಡೆ ದೇವಸ್ಥಾನದ ಮೆಟ್ಟಿಲಲ್ಲಿ ನಿಂತು ಮಂಡಕ್ಕಿ ಎರಚಿದರೆ ಮೀನಿನ ಹಿಂಡೇ ಮೇಲೆ ಬರುತ್ತದೆ. ಅಲ್ಲಿ ಮೀನು ನಂಬಿ ಬರಬಹುದು, ಏಕೆಂದರೆ ಅಲ್ಲಿ ಗಾಳ ಹಾಕುವ ಹಾಗಿಲ್ಲ. ಕಡಲಲ್ಲಿ ನಿಮ್ಮ ಒಂದು ಕೈಯಲ್ಲಿ ತಿನಿಸು, ಇನ್ನೊಂದರಲ್ಲಿ ಕೊಕ್ಕೆ. "ಆಸ್ಟ್ರೇಲಿಯಾದ ಮಂಕಿ ಮಿಯಾದಲ್ಲಿ ಡಾಲ್ಫಿನ್‌ಗೆ ಮೀನು ತಿನ್ನಿಸುತ್ತಾರಲ್ಲ" ಎಂದು ಯಾರಾದರೂ ವಾದಕ್ಕೆ ಬಂದರೆ ಉತ್ತರ ಸಿದ್ಧವಿರಲಿ: ಅಲ್ಲಿ ತಿನಿಸು ಪಡೆಯುತ್ತಿದ್ದ ತಾಯಂದಿರ ಮರಿಗಳು ಹೆಚ್ಚು ಸಾಯುತ್ತಿದ್ದುದು ಕಂಡ ಮೇಲೆ ನಿಯಮ ಬಿಗಿ ಮಾಡಿದರು. ಈಗ ಕೊಡುವುದು ಆಯ್ದ ಕೆಲವೇ ಹೆಣ್ಣುಗಳಿಗೆ, ಅದೂ ಸಿಬ್ಬಂದಿಯ ಕಣ್ಗಾವಲಿನಲ್ಲಿ.

8. ಕಾನೂನು ಗೊತ್ತಿರಲಿ.
ನಮ್ಮಲ್ಲಿ ಡಾಲ್ಫಿನ್‌ಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಅಮೆರಿಕದಲ್ಲಿ ಕಾಡು ಡಾಲ್ಫಿನ್‌ಗೆ ತಿನಿಸು ಹಾಕುವುದೇ ಅಪರಾಧ. ಬಲೆಗೋ ದಾರಕ್ಕೋ ಸಿಕ್ಕಿಬಿದ್ದ ಡಾಲ್ಫಿನ್ ಕಂಡರೆ ನೀವೇ ಬಿಡಿಸಲು ನೀರಿಗಿಳಿಯಬೇಡಿ, ಅರಣ್ಯ ಇಲಾಖೆಗೆ ಫೋನ್ ಮಾಡಿ.

9. ದೋಣಿಯಲ್ಲಿ ಮೊದಲು ಬಾಯಿ ಬಿಡುವವರು ನೀವಾಗಿ.
ಗುಂಪಿನಲ್ಲಿ ಯಾರೋ ಮೀನು ಎತ್ತಿ ಎಸೆಯಲು ಕೈ ಬೀಸುತ್ತಾರೆ, ಉಳಿದವರು ಮೊಬೈಲ್ ತೆಗೆಯುತ್ತಾರೆ. ಆಗ ಸಂಕೋಚ ಬೇಡ. "ಅಣ್ಣಾ, ಬೇಡ" ಎಂದು ಜೋರಾಗಿ ಹೇಳಿ. ಬಾಡಿಗೆ ದೋಣಿಯಾದರೆ ಹತ್ತುವ ಮೊದಲೇ ದೋಣಿಯವರ ಹತ್ತಿರ ಮಾತಾಡಿ: ಡಾಲ್ಫಿನ್ ತೋರಿಸಿ, ಕರೆಯಬೇಡಿ, ಬೆನ್ನಟ್ಟಬೇಡಿ. ದುಡ್ಡು ಕೊಡುವವರೇ ಹೀಗೆ ಕೇಳಿದರೆ ಅವರೂ ಹಾಗೇ ನಡೆಸುತ್ತಾರೆ.

10. ನೋಟ್‌ಬುಕ್ ಇಡಿ.
ದಿನಾಂಕ, ಉಬ್ಬರವೋ ಇಳಿತವೋ, ಎರೆ ಯಾವುದು, ಬಿದ್ದ ಮೀನು ಯಾವುದು, ಡಾಲ್ಫಿನ್ ಕಂಡದ್ದು ಎಲ್ಲಿ, ಎಷ್ಟು, ಮರಿ ಇತ್ತೇ. ಒಂದು ಸೀಸನ್ ಬರೆದು ನೋಡಿ, ಎಲ್ಲಿ ಯಾವಾಗ ಗಾಳ ಹಾಕಬೇಕೆಂದು ನಿಮ್ಮ ಪುಸ್ತಕವೇ ಹೇಳುತ್ತದೆ. ಪಿಯುಸಿ ಸೈನ್ಸ್ ಓದುತ್ತಿರುವವರು ಇನ್ನೊಂದು ಹೆಜ್ಜೆ ಮುಂದಿಡಿ. ಮಂಗಳೂರಿನ ಮೀನುಗಾರಿಕಾ ಕಾಲೇಜು 1969ರಿಂದ ಇದೆ, ಅಲ್ಲಿ ಮೀನುಗಾರಿಕಾ ವಿಜ್ಞಾನದ ಪದವಿ ಬಿಎಫ್‌ಎಸ್‌ಸಿ ಓದಬಹುದು. ಸಿಇಟಿ ಆಯ್ಕೆ ತುಂಬುವ ದಿನ ಆ ಕೋರ್ಸನ್ನೂ ಪಟ್ಟಿಯಲ್ಲಿ ಸೇರಿಸಿ.