ಗಾಳಿ, ಹೊಗೆ ಮತ್ತು ಸ್ತನದ ಕ್ಯಾನ್ಸರ್

ಕಳೆದ ವರ್ಷ ನಮ್ಮ ದೊಡ್ಡಮ್ಮನವರ ಎದೆಯಲ್ಲಿ ಗಂಟೊಂದು ಕಾಣಿಸಿಕೊಂಡು, ಪರೀಕ್ಷೆಯಿಂದ ಅದು ಸ್ತನದ ಕ್ಯಾನ್ಸರ್ ಎಂದು ತಿಳಿಯಿತು. ಹಿಂದಿನವರು ಏಡಿಗಂತಿ ಎಂದು ಕರೆಯುತ್ತಿದ್ದುದು ಈ ರೋಗವನ್ನೇ. ದೊಡ್ಡಮ್ಮನವರು ನಂಜನಗೂಡಿನ ಕಡೆಯ ಹಳ್ಳಿಯಲ್ಲಿ ಮೂವತ್ತು ವರ್ಷ ಸೌದೆ ಒಲೆಯಲ್ಲಿ ಅಡುಗೆ ಮಾಡಿದವರು. ಆಮೇಲೆ ಮೈಸೂರಿಗೆ ಬಂದು ಬಸ್ಸುಗಳು ಓಡಾಡುವ ರಸ್ತೆಯ ಪಕ್ಕದಲ್ಲೇ ಮನೆ ಮಾಡಿದರು. "ಓದಿದವಳು ನೀನು, ಹೇಳು. ಅಷ್ಟು ವರ್ಷ ಹೊಗೆ ಕುಡಿದೆನಲ್ಲಾ, ಅದರಿಂದಲೇ ಬಂತೇನೇ ಇದು?" ಎಂದು ಅವರು ಕೇಳಿದರು. ಕಲಾ ವಿಭಾಗದ ವಿದ್ಯಾರ್ಥಿನಿಯಾದ ನನಗೆ ಉತ್ತರ ತೋಚಲಿಲ್ಲ. ಆಮೇಲೆ ಓದಿ ತಿಳಿದುಕೊಂಡುದನ್ನು ಇಲ್ಲಿ ಬರೆದಿದ್ದೇನೆ.

ಹೊಗೆಯಲ್ಲಿ ಕಣ್ಣಿಗೆ ಕಾಣುವ ಮಸಿಗಿಂತ ಕಾಣದ ಕಣಗಳೇ ಹೆಚ್ಚು ಅಪಾಯಕರ. ಎರಡೂವರೆ ಮೈಕ್ರಾನಿಗಿಂತ ಸಣ್ಣ ಕಣವು ನಮ್ಮ ತಲೆಗೂದಲಿನ ದಪ್ಪದ ಸುಮಾರು ಇಪ್ಪತ್ತೈದನೆಯ ಒಂದು ಪಾಲಿಗಿಂತಲೂ ಚಿಕ್ಕದು. ಮೂಗಿನ ಕೂದಲಾಗಲಿ ಗಂಟಲಿನ ತೇವವಾಗಲಿ ಅದನ್ನು ಪೂರ್ತಿಯಾಗಿ ತಡೆಯಲಾರವು. ಅದು ಶ್ವಾಸಕೋಶದ ತಳವನ್ನು ಮುಟ್ಟುತ್ತದೆ. ಅತಿಸೂಕ್ಷ್ಮವಾದವು ರಕ್ತವನ್ನೂ ಸೇರಬಲ್ಲವು. ಸೌದೆಯಾಗಲಿ ಡೀಸೆಲ್ಲಾಗಲಿ ಅರೆಬರೆ ಉರಿದಾಗ ಬೆನ್ಝೋಪೈರೀನ್ ಮೊದಲಾದ ವಸ್ತುಗಳು ಹುಟ್ಟಿ ಈ ಕಣಗಳಿಗೆ ಅಂಟಿಕೊಂಡಿರುತ್ತವೆ. ಇವು ಜೀವಕೋಶದ ತಿರುಳನ್ನೇ ಕೆಡಿಸುವಂಥವು. ಗಾಳಿಯಲ್ಲಿರುವ ಕೆಲವು ವಸ್ತುಗಳು ಸ್ತ್ರೀಯರ ಈಸ್ಟ್ರೋಜನ್ ರಸದಂತೆಯೇ ನಟಿಸುತ್ತವೆಂಬ ಸಂದೇಹವೂ ವಿಜ್ಞಾನಿಗಳಿಗಿದೆ. ಸ್ತನದ ಕ್ಯಾನ್ಸರುಗಳಲ್ಲಿ ಬಹುಪಾಲು ಆ ರಸದ ಬಲದಿಂದಲೇ ಬೆಳೆಯುವುದರಿಂದ ಈ ಸಂದೇಹವನ್ನು ತಳ್ಳಿಹಾಕುವಂತಿಲ್ಲ.

ಒಲೆಯ ಹೊಗೆಯನ್ನು ಅಳೆಯುವ ಒಂದು ಲೆಕ್ಕ ನಮ್ಮ ಮೈಸೂರು ಜಿಲ್ಲೆಯಲ್ಲೇ ನಡೆದಿದೆಯೆಂದು ತಿಳಿದು ನನಗೆ ಆಶ್ಚರ್ಯವಾಯಿತು. ಜೆ.ಎಸ್.ಎಸ್. ವೈದ್ಯಕೀಯ ಕಾಲೇಜಿನ ತಜ್ಞರು ಇಲ್ಲಿನ ಹಳ್ಳಿಗಳ ಹೆಂಗಸರನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಲೆಕ್ಕ ಅದು. ದಿನಕ್ಕೆ ಎಷ್ಟು ಗಂಟೆ ಒಲೆಯ ಮುಂದೆ, ಹಾಗೆ ಎಷ್ಟು ವರ್ಷ ಎಂಬ ಎರಡು ಸಂಖ್ಯೆಗಳನ್ನು ಗುಣಿಸಬೇಕು. ಗುಣಲಬ್ಧ 60 ಮುಟ್ಟಿದರೆ ದೀರ್ಘಕಾಲದ ಕೆಮ್ಮು-ಕಫದ ರೋಗದ ಅಪಾಯ ಗಣನೀಯವಾಗುತ್ತದೆ. ದೊಡ್ಡಮ್ಮನವರದು ನಾಲ್ಕು ಗಂಟೆ, ಮೂವತ್ತು ವರ್ಷ: 120! ಅವರ ಕೆಮ್ಮಿನ ಕಾರಣ ಇಷ್ಟು ದಿನ ನಮ್ಮ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಆದರೆ ಅದು ಶ್ವಾಸಕೋಶದ ಮಾತಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2013ರಲ್ಲಿ ಹೊರಗಿನ ಗಾಳಿಯ ಮಾಲಿನ್ಯವನ್ನು ಕ್ಯಾನ್ಸರ್‌ಕಾರಕವೆಂದು ಸಾರಿದಾಗಲೂ ಖಚಿತವಾಗಿ ಹೇಳಿದ್ದು ಶ್ವಾಸಕೋಶದ ಕ್ಯಾನ್ಸರನ್ನೇ. ಸ್ತನದ ವಿಷಯದಲ್ಲಿ ಸಾಕ್ಷ್ಯ ಈಚೆಗೆ ಕೂಡುತ್ತಿದೆ. ಅಮೆರಿಕದಲ್ಲಿ ಸುಮಾರು ಎರಡು ಲಕ್ಷ ಹೆಂಗಸರನ್ನು ಇಪ್ಪತ್ತು ವರ್ಷ ಗಮನಿಸಿದ ಅಧ್ಯಯನವೊಂದು 2023ರಲ್ಲಿ ಹೊರಬಂದಿತು. ಗಾಳಿಯಲ್ಲಿ ಸೂಕ್ಷ್ಮಕಣಗಳು ಘನಮೀಟರಿಗೆ 10 ಮೈಕ್ರೋಗ್ರಾಂ ಹೆಚ್ಚಿದ್ದ ಕಡೆ ಸ್ತನದ ಕ್ಯಾನ್ಸರು ಶೇಕಡಾ 8ರಷ್ಟು ಹೆಚ್ಚಿತ್ತು. ಅಂದರೆ ನೂರು ಮಂದಿಗೆ ಬರುವಲ್ಲಿ ನೂರೆಂಟು. ಅವರು ಲೆಕ್ಕಕ್ಕೆ ಹಿಡಿದದ್ದು ಆ ಹೆಂಗಸರು ಅಧ್ಯಯನಕ್ಕೆ ಸೇರುವುದಕ್ಕೆ ಹತ್ತು-ಹದಿನೈದು ವರ್ಷ ಹಿಂದಿನ ಗಾಳಿಯನ್ನು. ರೋಗ ಇಂದಿನದು, ಹೊಗೆ ಅಂದಿನದು.

ಎಂಟು ಸಣ್ಣ ಸಂಖ್ಯೆಯೇ ಸರಿ. ವಯಸ್ಸು, ವಂಶ, ಮದ್ಯ, ಮುಟ್ಟು ನಿಂತ ಬಳಿಕದ ಬೊಜ್ಜು ಇವೂ ಕಾರಣಗಳ ಪಟ್ಟಿಯಲ್ಲಿವೆ. ಆದರೆ ಮದ್ಯವನ್ನು ಬಿಡಬಹುದು, ಉಸಿರನ್ನು ಬಿಡಲಾದೀತೆ? ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಸೂಚಿಸಿದ ವಾರ್ಷಿಕ ಮಿತಿ 5 ಮೈಕ್ರೋಗ್ರಾಂ; ನಮ್ಮ ದೇಶದ ಮಿತಿ 40. ದಿಲ್ಲಿಯ ಗಾಳಿಗೆ ಹೋಲಿಸಿ ಮೈಸೂರಿನವರು ಹೆಮ್ಮೆಪಡುವುದುಂಟು. ಬೆಳಗಿನ ಹೊತ್ತು ಬೀದಿಬದಿಯಲ್ಲಿ ತರಗೆಲೆಯ ಜತೆಗೆ ಪ್ಲಾಸ್ಟಿಕ್ಕನ್ನೂ ಸುಡುವುದನ್ನು ನೋಡಿದವರು ಅಷ್ಟು ಹೆಮ್ಮೆಪಡಲಾರರು. ನಮ್ಮೂರಿಗೆ ಹೆಸರು ತಂದ ಊದುಬತ್ತಿಯ ಹೊಗೆಯಲ್ಲೂ ಇಂಥ ಕಣಗಳೇ ಇವೆ ಎಂದರೆ ಅಜ್ಜಿಗೆ ಕೋಪ. ಪೂಜೆಯ ಹೊತ್ತಿಗೆ ಕಿಟಕಿ ತೆರೆಯುವುದಕ್ಕೆ ಮಾತ್ರ ಒಪ್ಪಿದ್ದಾರೆ.

ಇಷ್ಟೆಲ್ಲ ಓದಿ ದೊಡ್ಡಮ್ಮನವರಿಗೆ ಹೇಳಿದ್ದು ಇಷ್ಟೇ: ಸಾವಿರಾರು ಹೆಂಗಸರ ಲೆಕ್ಕದಲ್ಲಿ ಹೊಗೆಯ ಪಾಲು ಕಾಣುತ್ತದೆ, ಒಬ್ಬರ ಗಂಟು ಯಾವುದರಿಂದ ಬಂತೆಂದು ಯಾವ ವೈದ್ಯರೂ ಹೇಳಲಾರರು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಗಂಟು ಕೈಗೆ ಸಿಕ್ಕಿ ಏಳು ತಿಂಗಳು ಯಾರಿಗೂ ಹೇಳಿರಲಿಲ್ಲವೆಂದು ಮೊದಲ ಸಲ ತಿಳಿಸಿದರು. "ನೋವೇ ಇರಲಿಲ್ಲವಲ್ಲೇ" ಎಂದರು. ಈ ಗಂಟು ಮೊದಮೊದಲು ಸಾಮಾನ್ಯವಾಗಿ ನೋಯುವುದೇ ಇಲ್ಲ.