ಟ್ರಾಕ್ಟರಿನ ಮುಂದಿನ ಚಕ್ರ ನೇರವಿದೆಯೇ?

ಬಾಬುರಾಯನಕೊಪ್ಪಲಿನ ಕಡೆ ಕಬ್ಬು ಎಳೆಯುವ ಟ್ರಾಕ್ಟರಿನ ಮುಂದಿನ ಟೈರು ಒಂದೇ ಅಂಚಿನಲ್ಲಿ ಸವೆಯುತ್ತಿದ್ದರೆ, ಹೊಸದು ಕೊಳ್ಳುವ ಮೊದಲು ಚಕ್ರಗಳ ನೇರ ನೋಡಿರಿ. ಟೇಪು, ಸೀಮೆಸುಣ್ಣ, ಸ್ಪ್ಯಾನರು ಸಾಕು. ಬಾಲ್ ಜಾಯಿಂಟು ಅಲ್ಲಾಡುತ್ತಿದ್ದರೆ ಮೊದಲು ಅದನ್ನು ಬದಲಿಸಿರಿ. ಇಲ್ಲವಾದರೆ ಅಳತೆಯೆಲ್ಲ ವ್ಯರ್ಥ, ಹೆದ್ದಾರಿಯಲ್ಲಿ ಹೇರಿನೊಡನೆ ಪ್ರಾಣಕ್ಕೂ ಅಪಾಯ.

ಟೈರುಗಳಿಗೆ ಸಮನಾಗಿ ಗಾಳಿ ತುಂಬಿ, ಮಟ್ಟವಾದ ಕಣದಲ್ಲಿ ಸ್ಟೀರಿಂಗ್ ನೇರವಾಗಿಟ್ಟು ನಿಲ್ಲಿಸಿರಿ. ಅಚ್ಚಿನ ಎತ್ತರಕ್ಕೆ ಎರಡೂ ರಿಮ್ಮುಗಳ ಮುಂಬದಿಯ ಒಳಅಂಚಿನಲ್ಲಿ ಗುರುತು ಹಾಕಿ, ನಡುವಿನ ಅಂತರ ಅಳೆಯಿರಿ. ಅದೇ ಗುರುತು ಹಿಂಬದಿಗೆ ಬರುವಷ್ಟು ಮುಂದಕ್ಕೆ ಉರುಳಿಸಿ ಮತ್ತೆ ಅಳೆಯಿರಿ. ಬೇರೆಡೆ ಅಳೆದರೆ ರಿಮ್ಮಿನ ಸೊಟ್ಟು ಲೆಕ್ಕ ಕೆಡಿಸೀತು. ಸಾಮಾನ್ಯವಾಗಿ ಮುಂದಿನ ಅಂತರ ಕೆಲವೇ ಮಿಲಿಮೀಟರು ಕಡಿಮೆಯಿರಬೇಕು. ತಮ್ಮ ಗಾಡಿಯ ಕೈಪಿಡಿಯಲ್ಲಿರುವ ಅಂಕಿಯೇ ಪ್ರಮಾಣ. ಹೊಂದದಿದ್ದರೆ ಎಂಜಿನ್ ನಿಲ್ಲಿಸಿ, ಟೈ ರಾಡಿನ ಲಾಕ್ ನಟ್ಟು ಸಡಿಲಿಸಿ, ರಾಡು ತಿರುಗಿಸಿ ಸರಿಮಾಡಿ, ನಟ್ಟನ್ನು ಬಿಗಿಯತಕ್ಕದ್ದು.