ಉಗಿ ಎಂಜಿನ್ ಕಟ್ಟೋಣ: ಬರೀ ಬೆಂಕಿ ಸಾಲದು

ಮೈನ್‌ಕ್ರಾಫ್ಟ್‌ನ ಕ್ರಿಯೇಟ್ ಮಾಡ್‌ನಲ್ಲಿ ಬಾಯ್ಲರ್ ಎಷ್ಟನೇ ಮಟ್ಟದಲ್ಲಿ ಓಡುತ್ತೆ ಅನ್ನೋದನ್ನ ನೀರು, ಶಾಖ, ಟ್ಯಾಂಕಿನ ಗಾತ್ರ, ಈ ಮೂರರಲ್ಲಿ ಕಡಿಮೆ ಇರೋದೇ ನಿರ್ಧರಿಸುತ್ತೆ. ಒಂದು ಮಟ್ಟಕ್ಕೆ 4 ಟ್ಯಾಂಕ್ ಬ್ಲಾಕ್, ಉರಿಯುವ 1 ಬ್ಲೇಜ್ ಬರ್ನರ್ ಬೇಕು. 8 ಬ್ಲಾಕಿನ ಟ್ಯಾಂಕಿನ ಕೆಳಗೆ 4 ಬರ್ನರ್ ಇಟ್ಟರೂ ನಮಗೆ ಸಿಗೋದು 2ನೇ ಮಟ್ಟವೇ. ಟ್ಯಾಂಕನ್ನು 16 ಬ್ಲಾಕಿಗೆ ಎತ್ತರಿಸಿ, ಪಂಪಿನಿಂದ ಸಾಕಷ್ಟು ನೀರು ಕೊಟ್ಟರೆ 4ಕ್ಕೆ ಏರುತ್ತೆ.

ನೀರು ಕಮ್ಮಿಯಾದರೆ ಆಟದಲ್ಲಿ ಶಕ್ತಿ ಇಳಿಯುತ್ತೆ, ಅಷ್ಟೇ. ನಮ್ಮ ಅಂತರಘಟ್ಟೆ ಕಡೆ ಬೀರೂರು–ಅಜ್ಜಂಪುರ ಹಳಿ ಮೇಲೆ ಹಿಂದೆ ಓಡುತ್ತಿದ್ದಂಥ ನಿಜವಾದ ಉಗಿ ಎಂಜಿನ್‌ನಲ್ಲಿ ಹಾಗಲ್ಲ. ಬೆಂಕಿಗೂಡಿನ ಮೇಲಿನ ತಗಡು ನೀರಿನಿಂದ ಹೊರಬಂದರೆ ಕಾದು ಮೆತ್ತಗಾಗಿ ಬಾಯ್ಲರೇ ಸಿಡಿಯಬಹುದು. ಅದಕ್ಕೇ ಆ ತಗಡಿಗೆ ಸೀಸ ತುಂಬಿದ ಬಿರಡೆ ಕೂರಿಸ್ತಿದ್ದರು. ನೀರು ಇಳಿದಾಗ ಸೀಸ ಕರಗಿ, ಉಗಿ ಬೆಂಕಿಗೂಡಿಗೆ ನುಗ್ಗಿ ಚಾಲಕನನ್ನು ಎಚ್ಚರಿಸೋದು.